ಪೆಟ್ರೋಲ್ ಅಗ್ಗ ಇರುವ ಮನೆಯಲ್ಲೇ ಪೆಟ್ರೋಲ್ ಖರ್ಚು ಜಾಸ್ತಿ, ಯಾಕೆ?

ಲೆಕ್ಕಾಚಾರಿ

ನಾವಿರೋದು ಜರ್ಮನಿಯಲ್ಲಿ, ಅಕ್ಕ-ಭಾವ ಇರೋದು ಅಮೆರಿಕದಲ್ಲಿ. ಪೆಟ್ರೋಲ್ ವಿಷಯ ಬಂದಾಗಲೆಲ್ಲ ಭಾವ ನಮ್ಮ ಬಗ್ಗೆ "ಅಯ್ಯೋ ಪಾಪ" ಅಂತಾರೆ. ಇಲ್ಲಿ ಲೀಟರ್‌ಗೆ 1.70 ಯೂರೋ ಆಸುಪಾಸು, ಅಲ್ಲಿ ಗ್ಯಾಲನ್‌ಗೆ (ಸುಮಾರು 3.8 ಲೀಟರ್) 3 ಡಾಲರ್ ಚಿಲ್ಲರೆ. ಲೀಟರ್ ಲೆಕ್ಕಕ್ಕೆ ಇಳಿಸಿದ್ರೆ ಅವರದ್ದು ನಮ್ಮ ಅರ್ಧ ಬೆಲೆಯೂ ಇಲ್ಲ. ಸರಿ, ಪಾಪ ಯಾರು ಅಂತ ನೋಡೇಬಿಡೋಣ ಎಂದು ಎರಡೂ ಮನೆಯ ವರ್ಷದ ಲೆಕ್ಕ ಹಾಕಿದೆ.

ಅವರದ್ದು: ಒಂದು ಪಿಕಪ್, ಗ್ಯಾಲನ್‌ಗೆ 18 ಮೈಲಿ. ಮೂರು ಸಾಲು ಸೀಟಿನ ಒಂದು ಎಸ್‌ಯುವಿ, 24 ಮೈಲಿ. ಎರಡೂ ವರ್ಷಕ್ಕೆ 12,000 ಮೈಲಿ ಓಡ್ತವೆ. ಒಟ್ಟು ಹತ್ತಿರಹತ್ತಿರ 1,170 ಗ್ಯಾಲನ್. 3.20ರಂತೆ ಹಿಡಿದ್ರೂ 3,700 ಡಾಲರ್ ದಾಟುತ್ತೆ.

ನಮ್ಮದು: ಒಂದೇ ಹ್ಯಾಚ್‌ಬ್ಯಾಕ್. 100 ಕಿ.ಮೀ.ಗೆ ಆರೂವರೆ ಲೀಟರ್, ವರ್ಷಕ್ಕೆ 12,000 ಕಿ.ಮೀ. 780 ಲೀಟರ್, ಅಂದ್ರೆ ಸುಮಾರು 1,330 ಯೂರೋ.

ಎರಡೂ ಮನೆಯಲ್ಲಿ ಗಂಡ-ಹೆಂಡ್ತಿ, ಇಬ್ಬರು ಮಕ್ಕಳು. ಅರ್ಧ ಬೆಲೆಗೆ ಪೆಟ್ರೋಲ್ ಸಿಗೋರು ನಮ್ಮ ಎರಡು ಪಟ್ಟಿಗಿಂತ ಹೆಚ್ಚು ಸುರೀತಿದ್ದಾರೆ. ಇದು ನಮ್ಮ ಎರಡು ಮನೆ ಕಥೆ ಮಾತ್ರವೋ, ಅಥವಾ ಎಲ್ಲ ಕಡೆ ಹೀಗೇನಾ? ಬೆಲೆ ಕಡಿಮೆ ಅಂತ ಗಾಡಿ ದೊಡ್ಡದಾಯ್ತಾ, ಗಾಡಿಗೆ ಬೇರೆ ಕಾರಣ ಇದೆಯಾ? ಬೇರೆ ಬೇರೆ ದೇಶದಲ್ಲಿರೋರು ಹೇಳಿ.

ದೊಡ್ಡಗಾಡಿ

ನಾನೂ ಅಮೆರಿಕದಲ್ಲೇ, ಟೆಕ್ಸಸ್‌ನಲ್ಲಿ. ನಿಮ್ಮ ಭಾವನ ಪರ ಎರಡು ಮಾತು. ಇಲ್ಲಿ ಹಾಲು ಬೇಕಾದ್ರೂ ಕಾರು ತೆಗೀಬೇಕು. ಆಫೀಸು ಒಂದು ದಿಕ್ಕು, ಸ್ಕೂಲು ಇನ್ನೊಂದು ದಿಕ್ಕು. ಬಸ್ಸು ಅನ್ನೋದು ಎಷ್ಟೋ ಬಡಾವಣೆಗಳಿಗೆ ಬರೋದೇ ಇಲ್ಲ, ಫುಟ್‌ಪಾತ್ ಕೂಡ ಕೆಲವು ಕಡೆ ಇಲ್ಲ. ವರ್ಷಕ್ಕೆ 12,000 ಮೈಲಿ ಅನ್ನೋದು ಶೋಕಿ ಅಲ್ಲ, ಇಲ್ಲಿನ ಚಾಲಕರ ಸರಾಸರಿ ಅದಕ್ಕಿಂತಲೂ ಹೆಚ್ಚು, 13,000ದ ಮೇಲಿದೆ.

ನಿಧಾನಸ್ಥೆ

ದೂರ ಹೋಗೋಕೆ ಕಾರು ಬೇಕು, ಒಪ್ಪಿದೆ. ಎರಡೂವರೆ ಟನ್ ಕಾರು ಯಾಕೆ ಬೇಕು ಅಂತ ಇನ್ನೂ ಹೇಳಿಲ್ಲ ನೀವು.

ದೊಡ್ಡಗಾಡಿ

ಅಕ್ಕಪಕ್ಕದವರೆಲ್ಲ ದೊಡ್ಡದು ಓಡಿಸ್ವಾಗ ನಾನು ಸಣ್ಣದ್ರಲ್ಲಿ ಕೂತ್ರೆ ಗುದ್ದಿದಾಗ ಯಾರಿಗೆ ಏಟು? ಹೆಂಡತಿ-ಮಕ್ಕಳನ್ನ ಕೂರಿಸಿಕೊಂಡು ಹೋಗೋನಿಗೆ ಇದೇ ಮೊದಲ ಯೋಚನೆ.

ಕಡತಪ್ರಿಯ

ಇಬ್ಬರೂ ಪೆಟ್ರೋಲ್ ಬಂಕ್ ಕಡೆನೇ ನೋಡ್ತಿದ್ದೀರಿ. ಅಮೆರಿಕದ ಗಾಡಿ ದೊಡ್ಡದಾಗಿದ್ದು ಬಂಕ್‌ನಲ್ಲಲ್ಲ, ಕಾನೂನು ಪುಸ್ತಕದಲ್ಲಿ.

1973ರ ತೈಲ ಬಿಕ್ಕಟ್ಟಿನ ನಂತರ, 1975ರಲ್ಲಿ, ಅಮೆರಿಕ ಕಾರು ಕಂಪನಿಗಳಿಗೆ ಸರಾಸರಿ ಮೈಲೇಜ್ ನಿಯಮ ತಂತು. ಕಾರುಗಳಿಗೆ 1985ರ ಹೊತ್ತಿಗೆ ಗ್ಯಾಲನ್‌ಗೆ 27.5 ಮೈಲಿ ಗುರಿ. ಆದರೆ "ಲಘು ಟ್ರಕ್" ಅಂತ ಬೇರೆ ವರ್ಗ ಮಾಡಿ ಅದಕ್ಕೆ ಸಡಿಲ ಗುರಿ ಇಟ್ರು. ರೈತರು, ಗಾರೆ ಕೆಲಸದವರು, ಕಸುಬುದಾರರು ಓಡಿಸೋ ಗಾಡಿ ಅಲ್ವಾ ಅಂತ. ಕಂಪನಿಗಳು ಏನು ಮಾಡಿದ್ವು? ಟ್ರಕ್ಕಿನ ಚಾಸಿ ಮೇಲೆ ಮನೆಮಂದಿ ಕೂರೋ ಬಾಡಿ ಕಟ್ಟಿದ್ವು. ಅದಕ್ಕೇ ಎಸ್‌ಯುವಿ ಅಂತ ಹೆಸರಿಟ್ಟು ಮಾರಿದ್ವು.

ಆಮೇಲೆ ನಿಯಮ ಸುಧಾರಿಸ್ತೀವಿ ಅಂತ ಹೊರಟು, ನಾಲ್ಕು ಚಕ್ರಗಳ ನಡುವಿನ ಜಾಗ ಎಷ್ಟು ದೊಡ್ಡದೋ ಅಷ್ಟು ಸಡಿಲ ಗುರಿ ಅಂತ ಮಾಡಿದ್ರು. ಸಣ್ಣ ಗಾಡಿ ಮಾಡೋನಿಗೆ ಕಠಿಣ ಪರೀಕ್ಷೆ, ದೊಡ್ಡದು ಮಾಡೋನಿಗೆ ಸುಲಭದ್ದು. ಯಾರು ಸಣ್ಣದು ಮಾಡ್ತಾರೆ ಹೇಳಿ.

ಇನ್ನೊಂದು: ಒಟ್ಟು ತೂಕದ ಮಿತಿ 6,000 ಪೌಂಡ್ ಮೀರಿದ ಗಾಡಿಯನ್ನ ವ್ಯಾಪಾರಕ್ಕೆ ಅಂತ ತೋರಿಸಿದ್ರೆ ಆದಾಯ ತೆರಿಗೆಯಲ್ಲಿ ದೊಡ್ಡ ವಿನಾಯಿತಿ. 2003ರಲ್ಲಿ ಆ ವಿನಾಯಿತಿಯ ಮಿತಿಯನ್ನ ಒಂದು ಲಕ್ಷ ಡಾಲರ್‌ಗೆ ಏರಿಸಿದಾಗ ದಂತವೈದ್ಯರೆಲ್ಲ ಹಮ್ಮರ್ ಅನ್ನೋ ದೈತ್ಯ ಎಸ್‌ಯುವಿ ಕೊಂಡ್ರು ಅನ್ನೋದು ಆ ಕಾಲದ ಜೋಕು. ಮಾರನೇ ವರ್ಷ ಎಸ್‌ಯುವಿಗಳಿಗೆ 25,000ಕ್ಕೆ ಇಳಿಸಿದ್ರು. ಇದರ ಮೇಲೆ ಹೊರದೇಶದ ಪಿಕಪ್‌ಗಳಿಗೆ 25 ಪರ್ಸೆಂಟ್ ಸುಂಕ, 1964ರಿಂದ, ಕೋಳಿ ದೆಸೆಯಿಂದ.

ಸುಮ್ನಿರಪ್ಪ

ಕೋಳಿಗೂ ಪಿಕಪ್‌ಗೂ ಏನ್ ಸಂಬಂಧ ಗುರು?

ಕಡತಪ್ರಿಯ

60ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿ ಯುರೋಪಿಗೆ ನುಗ್ಗಿತ್ತು. ಫ್ರಾನ್ಸ್, ಪಶ್ಚಿಮ ಜರ್ಮನಿ ಕಡೆಯವರು ಕೋಳಿ ಮೇಲೆ ಸುಂಕ ಹಾಕಿದ್ರು. ಸಿಟ್ಟಿಗೆ ಅಧ್ಯಕ್ಷ ಜಾನ್ಸನ್ ಆಲೂಗಡ್ಡೆ ಪಿಷ್ಟ, ಡೆಕ್ಸ್ಟ್ರಿನ್, ಬ್ರಾಂಡಿ, ಲಘು ಟ್ರಕ್ ಇವಕ್ಕೆ 25 ಪರ್ಸೆಂಟ್ ಜಡಿದ್ರು. ಉಳಿದ ಮೂರೂ ಕಾಲಕ್ರಮೇಣ ಹೋದ್ವು, ಟ್ರಕ್ಕಿನದ್ದು ಮಾತ್ರ ಗಟ್ಟಿಯಾಗಿ ಕೂತಿದೆ. ಅದಕ್ಕೇ ಜಪಾನಿನ ಪುಟ್ಟ ಪಿಕಪ್‌ಗಳು ಅಲ್ಲಿ ಶೋರೂಮ್‌ನಲ್ಲಿ ಕಾಣಲ್ಲ.

ಡೀಸೆಲ್_ದಾಸ

ಇದೆಲ್ಲ ಓದೋಕೆ ಮಜಾ ಇದೆ. ಆದ್ರೆ ಜನ ಬೆಲೆ ನೋಡಲ್ಲ ಅಂತ ಹೇಳೋಕೆ ಬರಲ್ಲ ಸಾರ್. 2008ರ ಜೂನ್‌ನಲ್ಲಿ ಅಲ್ಲಿ ಗ್ಯಾಲನ್ 4 ಡಾಲರ್ ದಾಟಿತ್ತು. ದೊಡ್ಡ ಗಾಡಿ ಕೇಳೋರಿಲ್ಲದೆ ಶೋರೂಮ್‌ನಲ್ಲಿ ನಿಂತ್ವು, ಜನರಲ್ ಮೋಟರ್ಸ್ ಟ್ರಕ್ಕಿನ ನಾಲ್ಕು ಕಾರ್ಖಾನೆ ಮುಚ್ತೀವಿ ಅಂತು. ವರ್ಷದ ಕೊನೆಗೆ ಬೆಲೆ ಬಿದ್ದದ್ದೇ ತಡ, ಒಂದೆರಡು ವರ್ಷದಲ್ಲಿ ಮತ್ತೆ ಅದೇ ಹಾಡು. 2018ರಲ್ಲಿ ಫೋರ್ಡ್ ಉತ್ತರ ಅಮೆರಿಕದಲ್ಲಿ ಸೆಡಾನ್ ಮಾಡೋದೇ ನಿಲ್ಲಿಸ್ತೀವಿ ಅಂತ ಘೋಷಿಸಿತು. 2022ರ ಜೂನ್‌ನಲ್ಲಿ ಸರಾಸರಿ 5 ಡಾಲರ್ ದಾಟಿದಾಗ ಎಲ್ಲರೂ ಬಾಯಿ ಬಡ್ಕೊಂಡ್ರು, ಆದ್ರೆ ಮನೆ ಮುಂದೆ ನಿಂತಿದ್ದ ಗಾಡಿ ಅದೇ. ಬೆಲೆ ದಿನಾ ಬದಲಾಗುತ್ತೆ, ಗಾಡಿ ಹತ್ತು-ಹದಿನೈದು ವರ್ಷ ಇರುತ್ತೆ.

ಲೆಕ್ಕಾಚಾರಿ

ತೆರಿಗೆ ವ್ಯತ್ಯಾಸ ಹುಡುಕಿದೆ. ನಮ್ಮಲ್ಲಿ ಪೆಟ್ರೋಲ್ ಮೇಲೆ ಇಂಧನ ತೆರಿಗೆಯೊಂದೇ ಲೀಟರ್‌ಗೆ 65.45 ಸೆಂಟ್. ಅದರ ಮೇಲೆ ಕಾರ್ಬನ್ ಬೆಲೆ, ಎಲ್ಲದರ ಮೇಲೆ 19 ಪರ್ಸೆಂಟ್ ವ್ಯಾಟ್. ಅಮೆರಿಕದ ಕೇಂದ್ರ ಸರ್ಕಾರದ್ದು ಗ್ಯಾಲನ್‌ಗೆ 18.4 ಸೆಂಟ್, ಲೀಟರ್‌ಗೆ ಐದು ಸೆಂಟೂ ಇಲ್ಲ. ಅದೂ 1993ರಿಂದ ಒಂದು ಪೈಸೆ ಏರಿಲ್ಲ! ರಾಜ್ಯಗಳದ್ದು ಬೇರೆ ಇದೆ, ಆದರೂ.

ಹಳದಿಫಲಕ

ಜಪಾನ್‌ನಿಂದ. ಇಲ್ಲಿನ ಪೆಟ್ರೋಲ್ ಯುರೋಪಿನಷ್ಟು ದುಬಾರಿ ಅಲ್ಲವೇ ಅಲ್ಲ. ಆದರೂ ಪ್ರಪಂಚದ ಪುಟಾಣಿ ಕಾರುಗಳೆಲ್ಲ ಇಲ್ಲೇ ಇವೆ. ಕೇ ಕಾರ್ ಅಂತ ಒಂದು ವರ್ಗ: ಎಂಜಿನ್ 660 ಸಿಸಿ ಮೀರಬಾರದು, ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎತ್ತರ 2 ಮೀಟರ್ ಒಳಗಿರಬೇಕು. ನಂಬರ್ ಪ್ಲೇಟ್ ಹಳದಿ. ಹೊಸ ಕಾರುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಇವೇ.

ಜನ ಯಾಕೆ ತಗೋತಾರೆ? ವರ್ಷದ ತೆರಿಗೆ ಕೇಗೆ 10,800 ಯೆನ್, ಸಾಮಾನ್ಯ ಒಂದು ಲೀಟರ್ ಎಂಜಿನ್ ಕಾರಿಗೆ 25,000. ಎಕ್ಸ್‌ಪ್ರೆಸ್‌ವೇ ಟೋಲ್ ಕೂಡ ಕಡಿಮೆ. ಎಲ್ಲಕ್ಕಿಂತ ಮುಖ್ಯವಾದದ್ದು ಪಾರ್ಕಿಂಗ್. ಕಾರು ನೋಂದಾಯಿಸಬೇಕಾದ್ರೆ ಮನೆಯಿಂದ 2 ಕಿ.ಮೀ. ಒಳಗೆ ನಿಮ್ಮದೇ ನಿಲ್ಲಿಸೋ ಜಾಗ ಇದೆ ಅಂತ ಪೊಲೀಸರಿಂದ ಪತ್ರ ತರಬೇಕು. 1962ರ ಕಾನೂನು. ಅವರು ಬಂದು ಅಳತೆಯನ್ನೂ ನೋಡಬಹುದು. ರಾತ್ರಿಯೆಲ್ಲ ರಸ್ತೆಯಲ್ಲಿ ನಿಲ್ಲಿಸೋ ಹಾಗೇ ಇಲ್ಲ. ಕೇಗೆ ಹಳ್ಳಿ ಕಡೆ ಆ ಪತ್ರದ ಕಾಟವೂ ಇಲ್ಲ. ಹಾಗಾಗಿ ಹಳ್ಳಿಯಲ್ಲಿ ಗಂಡನಿಗೊಂದು, ಹೆಂಡತಿಗೊಂದು, ಅಜ್ಜನಿಗೊಂದು ಕೇ.

ಗಾಲಿಬಸು

ಅಂದ್ರ ಸಣ್ ಗಾಡಿ ಅಂತ ಹೇಳಿ ಮನ್ಯಾಗ ಮೂರ್ ಗಾಡಿ ಆದ್ವು. ಉಳಿತಾಯ ಎಲ್ಲೈತ್ರಿ?

ಹಳದಿಫಲಕ

ಮೂರೂ ಸೇರಿ ತೂಗಿದ್ರೂ ಒಂದು ದೊಡ್ಡ ಅಮೆರಿಕನ್ ಪಿಕಪ್ ತೂಗುತ್ತೆ ಸರ್ 😄 ರೈಲು ಇಲ್ಲದ ಕಡೆ ಅಜ್ಜನಿಗೆ ಆಸ್ಪತ್ರೆಗೆ ಹೋಗೋಕೆ ಬೇರೇನು ದಾರಿ?

ಸಿಂಗಪುರದವಳು

ನಮ್ಮಲ್ಲಿ ಪೆಟ್ರೋಲ್ ಲೆಕ್ಕ ಬರೋದು ಕೊನೆಗೆ. ಕಾರು ಇಟ್ಟುಕೊಳ್ಳೋ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು. 1990ರಿಂದ ಇರೋ ಪದ್ಧತಿ. ಹತ್ತು ವರ್ಷಕ್ಕೆ ಮಾತ್ರ ಆ ಪರ್ಮಿಟ್, ಬೆಲೆ ಒಂದು ಲಕ್ಷ ಸಿಂಗಪುರ ಡಾಲರ್ ದಾಟಿದ್ದೂ ಇದೆ. ಕಾರಿನ ಬೆಲೆ ಬೇರೆ! ಅಷ್ಟು ಕೊಟ್ಟ ಮೇಲೆ ಲೀಟರ್‌ಗೆ ಹತ್ತು ಸೆಂಟ್ ಹೆಚ್ಚಾಯ್ತು ಅಂತ ಯಾರೂ ಗಾಡಿ ಮನೇಲಿ ಬಿಡಲ್ಲ. ಉಲ್ಟಾ, ದುಡ್ಡು ಕೊಟ್ಟಾಗಿದೆ ಓಡಿಸೋಣ ಅಂತಾರೆ.

ಆದ್ರೆ ಗಡಿ ದಾಟೋ ಆಟ ಇದೆ ನೋಡಿ. ಪಕ್ಕದ ಮಲೇಷ್ಯಾದಲ್ಲಿ ಪೆಟ್ರೋಲ್ ಭಾರಿ ಅಗ್ಗ. ಎಲ್ಲರೂ ಖಾಲಿ ಟ್ಯಾಂಕಲ್ಲಿ ಹೋಗಿ ತುಂಬಿಸಿಕೊಂಡು ಬರಬಾರದು ಅಂತ ಸಿಂಗಪುರ ನಿಯಮ ಮಾಡಿದೆ: ಹೊರಗೆ ಹೋಗುವಾಗ ಟ್ಯಾಂಕ್ ಮುಕ್ಕಾಲು ತುಂಬಿರಲೇಬೇಕು. ಚೆಕ್‌ಪೋಸ್ಟ್‌ನಲ್ಲಿ ಮುಳ್ಳು ನೋಡ್ತಾರೆ, ಕಡಿಮೆ ಇದ್ರೆ ದಂಡ, ವಾಪಸ್. ಆ ಕಡೆ ಮಲೇಷ್ಯಾದವರು ಸಬ್ಸಿಡಿಯ 95 ದರ್ಜೆಯ ಪೆಟ್ರೋಲನ್ನ ಹೊರದೇಶದ ನಂಬರ್ ಗಾಡಿಗೆ ಹಾಕೋ ಹಾಗಿಲ್ಲ ಅಂತಾರೆ.

ಸುಮ್ನಿರಪ್ಪ

ಮುಳ್ಳು ಸುಳ್ಳು ಹೇಳೋ ಹಾಗೆ ಮಾಡಿಸಿಕೊಂಡೋರು ಇರ್ಬೇಕಲ್ಲ?

ಸಿಂಗಪುರದವಳು

ಇದ್ದಾರೆ. ಸಿಕ್ಕಿಬಿದ್ರೆ ಅದಕ್ಕೆ ಬೇರೆ ಕೇಸು, ಬೇರೆ ಶಿಕ್ಷೆ.

ಡೀಸೆಲ್_ದಾಸ

ಯುರೋಪಿನಲ್ಲೂ ಇದೇ. ಜರ್ಮನಿಯವರು, ಫ್ರಾನ್ಸಿನವರು ಲಕ್ಸೆಂಬರ್ಗ್‌ಗೆ ಟ್ಯಾಂಕ್ ತುಂಬಿಸೋಕೇ ಹೋಗಿ ಬರ್ತಾರೆ. ಗಡಿ ಪಕ್ಕ ಸಾಲುಸಾಲು ಬಂಕ್.

ಮೈಲಿಗಲ್ಲು

ಒಂದು ವಿಷಯ ಎಲ್ಲರೂ ಬಿಟ್ಟಿದ್ದೀರಿ: ಮೈಲೇಜ್ ಅಳೆಯೋ ರೀತಿನೇ ದಾರಿ ತಪ್ಪಿಸುತ್ತೆ. ಲೆಕ್ಕಾಚಾರಿಯವರು ಕೊಟ್ಟ ಅಂಕಿಯನ್ನೇ ತಗೊಳ್ಳಿ. ವರ್ಷಕ್ಕೆ 12,000 ಮೈಲಿ.

18 ಮೈಲಿಯ ಪಿಕಪ್ ಬದಲಿಗೆ 24 ಮೈಲಿಯ ಗಾಡಿ ತಂದ್ರೆ: 667 ಗ್ಯಾಲನ್ ಇದ್ದದ್ದು 500 ಆಗುತ್ತೆ. ಉಳಿತಾಯ 167.
24ರ ಎಸ್‌ಯುವಿ ಬದಲಿಗೆ 36ರ ಹೈಬ್ರಿಡ್ ತಂದ್ರೆ: 500 ಇದ್ದದ್ದು 333. ಉಳಿತಾಯ ಅದೇ 167.

ಒಂದು ಕಡೆ 6 ಮೈಲಿ ಏರಿಕೆ, ಇನ್ನೊಂದು ಕಡೆ 12 ಮೈಲಿ ಏರಿಕೆ, ಉಳಿಯೋದು ಒಂದೇ. ಸಂಖ್ಯೆ ನೋಡಿದ ಕೂಡಲೇ ಎರಡನೆಯದೇ ದೊಡ್ಡ ಲಾಭ ಅನಿಸುತ್ತೆ. ಈ ಭ್ರಮೆ ಬಗ್ಗೆ ಲ್ಯಾರಿಕ್, ಸಾಲ್ ಅನ್ನೋ ಇಬ್ಬರು ಸಂಶೋಧಕರು 2008ರಲ್ಲೇ ಬರೆದಿದ್ದಾರೆ. ಯುರೋಪಿನವರ ಹಾಗೆ 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ಹೇಳಿದ್ರೆ ಈ ಗೊಂದಲ ಇಲ್ಲ. ಜಪಾನು, ಭಾರತ, ಬ್ರೆಜಿಲ್‌ನಲ್ಲಿ ಲೀಟರ್‌ಗೆ ಎಷ್ಟು ಕಿ.ಮೀ. ಅಂತಾರೆ, ಅದರಲ್ಲೂ ಇದೇ ಎಡವಟ್ಟು.

ಅಂದ್ರೆ, ಸಣ್ಣ ಕಾರಿನವನು ಮೈಲೇಜ್ 20ರಿಂದ 22 ಕಿ.ಮೀ. ಆಗ್ಲಿ ಅಂತ ಪರದಾಡೋದಕ್ಕಿಂತ ಅತಿ ಕೆಟ್ಟ ಗಾಡಿಯನ್ನ ಸ್ವಲ್ಪ ಸುಧಾರಿಸೋದು ಲೇಸು.

ಗಾಲಿಬಸು

ಇಂಗ್ಲೆಂಡಿನ ಗೆಳೆಯ ಒಬ್ಬಾಂವ ಗ್ಯಾಲನ್‌ಗೆ 50 ಮೈಲಿ ಕೊಡ್ತೈತಿ ಅಂತ ಜಂಭ ಹೊಡೀತಿದ್ದ. ಅಮೆರಿಕದಾಗ ಅದ ಕಾರಿಗೆ 42 ಅಂತ ಬರ್ದಿದ್ರು. ಯಾರ್ ಸುಳ್ಳ ಹೇಳ್ತಾರ?

ಮೈಲಿಗಲ್ಲು

ಯಾರೂ ಇಲ್ಲ ಬಸು ಅವರೇ. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ಬ್ರಿಟಿಷ್ 50 ಅಂದ್ರೆ ಅಮೆರಿಕದ 42ರ ಹತ್ತಿರ. ಪರೀಕ್ಷೆಯ ರೀತಿಯೂ ಬೇರೆ.

ಫಿಯಾರ್ಡ್_ಫಕೀರ

ನಾರ್ವೆಯಿಂದ. ನಮ್ಮದು ತೈಲ ರಫ್ತು ಮಾಡೋ ದೇಶ, ಆದ್ರೂ ಬಂಕ್‌ನಲ್ಲಿ ಪೆಟ್ರೋಲ್ ಪ್ರಪಂಚದ ದುಬಾರಿ ಪಟ್ಟಿಯಲ್ಲಿ ಮೇಲೇ ಇರುತ್ತೆ. ಮನೆಯಲ್ಲಿ ತೈಲ ಇದ್ರೆ ಅಗ್ಗ ಅಂತ ಏನಿಲ್ಲ, ಸರ್ಕಾರ ಏನು ತೀರ್ಮಾನ ಮಾಡುತ್ತೋ ಅದು. ಎಲೆಕ್ಟ್ರಿಕ್ ಕಾರಿಗೆ 1990ರಲ್ಲೇ ನೋಂದಣಿ ತೆರಿಗೆ ಬಿಟ್ರು, 2001ರಿಂದ ವ್ಯಾಟ್ ಬಿಟ್ರು. ಪೆಟ್ರೋಲ್ ಕಾರಿಗೆ ತೂಕ, ಹೊಗೆ ಎರಡಕ್ಕೂ ತೆರಿಗೆ. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಿರಹತ್ತಿರ 89 ಪರ್ಸೆಂಟ್ ಎಲೆಕ್ಟ್ರಿಕ್.

ನಿಧಾನಸ್ಥೆ

ಅದರಲ್ಲಿ ಸಣ್ಣವು ಎಷ್ಟು? ಅತಿ ಹೆಚ್ಚು ಮಾರಾಟವಾಗಿದ್ದು ಟೆಸ್ಲಾ ಮಾಡೆಲ್ ವೈ. ಎರಡು ಟನ್ ಹತ್ತಿರ. ಪೆಟ್ರೋಲ್ ಹೋಯ್ತು, ಗಾತ್ರ ಹೋಗ್ಲಿಲ್ಲ. ಟೈರ್ ಸವೆತ, ರಸ್ತೆ ಜಾಗ, ಗುದ್ದಿದರೆ ಆಗೋ ಪೆಟ್ಟು ಎಲ್ಲ ಹಾಗೇ.

ಫಿಯಾರ್ಡ್_ಫಕೀರ

ಸರಿಯಾದ ಮಾತು. ಅದಕ್ಕೇ 2023ರಲ್ಲಿ ಎಲೆಕ್ಟ್ರಿಕ್‌ಗೂ ತೂಕದ ತೆರಿಗೆ ಶುರು ಮಾಡಿದ್ರು, ಆಗ 5 ಲಕ್ಷ ಕ್ರೋನರ್ ಮೇಲಿನ ಬೆಲೆಗೆ ವ್ಯಾಟ್ ಕೂಡ ಹಾಕಿದ್ರು.

ಹಸಿರುದೀಪ

ಹಾಗಾದ್ರೆ ಉತ್ತರ ಸುಲಭ. ಎಲ್ಲ ದೇಶದಲ್ಲೂ ಇಂಧನ ತೆರಿಗೆ ಏರಿಸಿ. ಮುಗೀತು.

ಗಾಲಿಬಸು

ಮುಗೀತು ಅಂತ ಹೇಳಾಕ ಏನ್ ಹೋಗ್ತೈತಿ. ದುಡ್ಡಿದ್ದಾಂವ ಕೊಟ್ಟ ಓಡಸ್ತಾನ. ಹಳ್ಯಾಗ ಇದ್ದು, ಪಟ್ಟಣಕ್ಕ ಕೂಲಿಗೆ ಹೋಗಾಂವ ಎಲ್ಲಿಂದ ತರಬೇಕು?

ಪ್ಯಾರಿಸ್_ಪಯಣಿಗ

ಬಸು ಅವರು ಹೇಳಿದ್ದೇ ಫ್ರಾನ್ಸಿನಲ್ಲಿ ಆಯ್ತು. 2018ರ ನವೆಂಬರ್ 17. ಡೀಸೆಲ್ ಮೇಲೆ ತೆರಿಗೆ ಮತ್ತೆ ಏರುತ್ತೆ ಅಂತ ಗೊತ್ತಾದಾಗ ಜನ ರಸ್ತೆಗೆ ಇಳಿದ್ರು. ಕಾರಿನಲ್ಲಿ ಕಡ್ಡಾಯವಾಗಿ ಇರಬೇಕಾದ ಹಳದಿ ಜಾಕೆಟ್ಟನ್ನೇ ಸಮವಸ್ತ್ರ ಮಾಡ್ಕೊಂಡ್ರು. ಹೆಚ್ಚಿನವರು ದೊಡ್ಡ ನಗರದವರಲ್ಲ. ಬಸ್ಸು ನಿಂತುಹೋದ, ಆಸ್ಪತ್ರೆ-ಅಂಚೆ ಕಚೇರಿ ಮುಚ್ಚಿದ ಊರುಗಳವರು. ಅದೇ ವರ್ಷ ಜುಲೈನಲ್ಲಿ ಹಳ್ಳಿ ರಸ್ತೆಗಳ ವೇಗಮಿತಿಯನ್ನ 90ರಿಂದ 80ಕ್ಕೆ ಇಳಿಸಿದ ಸಿಟ್ಟೂ ಸೇರಿತ್ತು. ದಶಕಗಳ ಕಾಲ ಡೀಸೆಲ್ ಕೊಳ್ಳಿ, ಅಗ್ಗ ಅಂತ ಹೇಳ್ಕೊಟ್ಟಿದ್ದೂ ಇದೇ ಸರ್ಕಾರಗಳೇ. ಡಿಸೆಂಬರ್‌ನಲ್ಲಿ ಏರಿಕೆ ಕೈಬಿಟ್ರು.

ಆಮೇಲೆ ದಾರಿ ಬದಲಾಯ್ತು: ಇಂಧನದ ಬದಲು ತೂಕಕ್ಕೆ ಕೈ ಹಾಕಿದ್ರು. 2022ರಿಂದ 1,800 ಕೆ.ಜಿ. ಮೇಲಿನ ಹೊಸ ಕಾರಿಗೆ ದಂಡದಂಥ ತೆರಿಗೆ, 2024ರಲ್ಲಿ ಮಿತಿ 1,600ಕ್ಕೆ ಇಳೀತು. ಪ್ಯಾರಿಸ್‌ನಲ್ಲಿ 2024ರ ಅಕ್ಟೋಬರ್‌ನಿಂದ ಭಾರದ ಕಾರನ್ನ ನಗರದ ನಡುವೆ ನಿಲ್ಲಿಸಿದ್ರೆ ಗಂಟೆಗೆ 18 ಯೂರೋ.

ದೊಡ್ಡಗಾಡಿ

ಗಂಟೆಗೆ 18 ಯೂರೋನಾ!! ನಮ್ಮ ಕಡೆ ಆ ದುಡ್ಡಿಗೆ ಇಡೀ ದಿನ ನಿಲ್ಲಿಸಿ ಊಟಾನೂ ಮಾಡ್ಕೊಂಡು ಬರ್ಬಹುದು.

ಪ್ಯಾರಿಸ್_ಪಯಣಿಗ

ಅದಕ್ಕೆ ಜನಮತ ತಗೊಂಡಿದ್ರು. ಮತ ಹಾಕಿದ್ದು ನೂರಕ್ಕೆ ಆರು ಜನವೂ ಅಲ್ಲ. ಮತ್ತೆ ಅಲ್ಲೇ ವಾಸ ಇರೋರಿಗೆ ಅವರ ವಲಯದಲ್ಲಿ ವಿನಾಯಿತಿ. ಹೊರಗಿನಿಂದ ಬರೋರಿಗಷ್ಟೇ ಬಿಸಿ.

ಲೆಕ್ಕಾಚಾರಿ

ಜರ್ಮನಿ ಬಗ್ಗೆ ಒಂದು ಮಾತು ಸೇರಿಸ್ತೀನಿ, ಇಲ್ಲಾಂದ್ರೆ ನಾವೇನೋ ಮಹಾ ಮಿತವ್ಯಯಿಗಳು ಅನ್ನೋ ಹಾಗೆ ಆಗುತ್ತೆ. ನಮ್ಮ ಆಟೋಬಾನ್ ಹೆದ್ದಾರಿಯಲ್ಲಿ ಎಡಗಡೆ, ಅಂದ್ರೆ ವೇಗದ, ಲೇನಲ್ಲಿ 180ರಲ್ಲಿ ಹೋಗೋ ದೊಡ್ಡ ಗಾಡಿಗಳಲ್ಲಿ ಬಹುಪಾಲು ಕಂಪನಿ ಕೊಟ್ಟವು. ಹೊಸ ಕಾರುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಸಂಸ್ಥೆಗಳ ಹೆಸರಲ್ಲೇ ನೋಂದಣಿ ಆಗೋದು. ಕಾರಿನ ಪಟ್ಟಿ ಬೆಲೆಯ 1 ಪರ್ಸೆಂಟನ್ನ ತಿಂಗಳ ಆದಾಯ ಅಂತ ಸೇರಿಸಿ ಅದಕ್ಕೆ ತೆರಿಗೆ ಕಟ್ಟಿದ್ರೆ ಆಯ್ತು, ಸ್ವಂತಕ್ಕೂ ಓಡಿಸಬಹುದು. ಜೊತೆಗೆ ಎಷ್ಟೋ ಕಂಪನಿಗಳು ಇಂಧನದ ಕಾರ್ಡೂ ಕೊಡ್ತವೆ. ಕಾರ್ಡ್ ಇದ್ದೋನಿಗೆ ಲೀಟರ್ 1 ಯೂರೋ ಆದ್ರೇನು, 3 ಆದ್ರೇನು?

ಕಡತಪ್ರಿಯ

ಅದೇ ನಾನು ಹೇಳ್ತಿರೋದು. ಬೆಲೆ ಎಷ್ಟು ಅನ್ನೋದಕ್ಕಿಂತ ಯಾರ ಜೇಬಿನಿಂದ ಹೋಗುತ್ತೆ ಅನ್ನೋದು ನೋಡಿ.

ಕಿವಿಹಕ್ಕಿ

ನ್ಯೂಜಿಲೆಂಡ್‌ನಲ್ಲಿ ಇನ್ನೊಂಥರ ಉಂಟು ಮಾರಾಯ್ರೆ. ಡೀಸೆಲ್ ಗಾಡಿಗೆ ಬಂಕ್‌ನಲ್ಲಿ ರಸ್ತೆ ತೆರಿಗೆ ಇಲ್ಲ. 1,000 ಕಿ.ಮೀ.ಗೆ ಇಷ್ಟು ಅಂತ ಮುಂಚೆಯೇ ದುಡ್ಡು ಕಟ್ಟಿ, ಆ ಚೀಟಿಯನ್ನ ಗಾಜಿಗೆ ಅಂಟಿಸಿಕೊಳ್ಳಬೇಕು. ಮೀಟರ್ ಆ ಅಂಕಿ ದಾಟಿದ್ರೆ ದಂಡ. 2024ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್‌ಗೂ ಬಂತು. ಇದರಿಂದ ಏನಾಗ್ತದೆ ಅಂದ್ರೆ, ಓಡಿಸಿದ ಕಿಲೋಮೀಟರ್ ಕಣ್ಣ ಮುಂದೆ ಇರ್ತದೆ. ನಮ್ಮ ಮನೆಯವರು ಚೀಟಿ ಮುಗಿಯೋ ಹೊತ್ತಿಗೆ ತನ್ನಷ್ಟಕ್ಕೇ ಪೇಟೆ ಸುತ್ತಾಟ ಕಡಿಮೆ ಮಾಡ್ತಾರೆ. ಬಂಕ್ ಬಿಲ್ ನೋಡಿ ಎಂದೂ ಹಾಗೆ ಮಾಡಿದವರಲ್ಲ!

ಆದ್ರೆ ಇಲ್ಲೂ ಪಿಕಪ್ ಹುಚ್ಚು ಕಡಿಮೆ ಏನಿಲ್ಲ. ಭಾರೀ ಹೊಗೆಯ ಗಾಡಿಗೆ ಶುಲ್ಕ ಹಾಕಿ, ಆ ದುಡ್ಡಿನಿಂದ ಕಡಿಮೆ ಹೊಗೆಯ ಕಾರಿಗೆ ರಿಯಾಯಿತಿ ಕೊಡ್ತಿದ್ರು. ಸರ್ಕಾರ ಬದಲಾಯ್ತು, 2023ರ ಕೊನೆಗೆ ಅದೂ ಹೋಯ್ತು.

ಸುಮ್ನಿರಪ್ಪ

ಇಷ್ಟೆಲ್ಲ ರಾಜಕೀಯ ಯಾಕೆ. ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಬಿಡಿ, ಪೆಟ್ರೋಲ್ ಉಳಿಯುತ್ತೆ.

ಮೈಲಿಗಲ್ಲು

ದಯವಿಟ್ಟು ಬೇಡ. ಅದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ರೆ ಇಂಧನ ಪೂರ್ತಿ ನಿಲ್ಲುತ್ತೆ, ಚಕ್ರವೇ ಎಂಜಿನ್ನನ್ನ ತಿರುಗಿಸುತ್ತೆ. ನ್ಯೂಟ್ರಲ್ ಹಾಕಿದ್ರೆ ಎಂಜಿನ್ ಆರದ ಹಾಗೆ ಇಂಧನ ಹೋಗ್ತಾನೇ ಇರುತ್ತೆ. ಎಂಜಿನ್ ಬ್ರೇಕೂ ಇಲ್ಲ, ಅಪಾಯ ಬೇರೆ.

ಸುಮ್ನಿರಪ್ಪ

ಬೆಳಗ್ಗೆ ತಣ್ಣಗಿದ್ದಾಗ ತುಂಬಿಸಿದ್ರೆ ಹೆಚ್ಚು ಬರುತ್ತೆ ಅನ್ನೋದಾದ್ರೂ ನಿಜಾನಾ?

ಡೀಸೆಲ್_ದಾಸ

ಪೆಟ್ರೋಲ್ ಹಿಗ್ಗೋದು ನಿಜ, ಒಂದು ಡಿಗ್ರಿಗೆ ಹೆಚ್ಚೂಕಡಿಮೆ 0.1 ಪರ್ಸೆಂಟ್. ಆದ್ರೆ ಟ್ಯಾಂಕ್ ಇರೋದು ನೆಲದಡಿ. ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ತಾಪ ಬದಲಾಗೋದು ಕಡಿಮೆ. ನಿದ್ದೆ ಕೆಡಿಸ್ಕೊಳ್ಳೋಷ್ಟು ಲಾಭ ಇಲ್ಲ. ನಿಜವಾದ ನಷ್ಟ ಬೇರೆ ಕಡೆ ಇದೆ: ಸಣ್ಣ ಸಣ್ಣ ಓಡಾಟ. ತಣ್ಣಗಿರೋ ಎಂಜಿನ್ ಮೊದಲ ಕೆಲವು ಕಿಲೋಮೀಟರ್ ಸಿಕ್ಕಾಪಟ್ಟೆ ಕುಡಿಯುತ್ತೆ, ಬಿಸಿಯಾಗೋಷ್ಟರಲ್ಲಿ ನೀವು ತಲುಪಿರ್ತೀರಿ. ಅಮೆರಿಕದಲ್ಲಿ ಜನರ ಓಡಾಟದಲ್ಲಿ ಸುಮಾರು ಅರ್ಧ ಮೂರು ಮೈಲಿಯ ಒಳಗಿನದ್ದೇ ಅಂತ ಅವರ ಸರ್ಕಾರಿ ಅಂಕಿಅಂಶವೇ ಹೇಳುತ್ತೆ.

ನಿಧಾನಸ್ಥೆ

ಈ ಅಂಕಿ ನೋಡಿ ದೊಡ್ಡಗಾಡಿಯವರೇ. "ದೂರ ದೂರ" ಅಂತಿದ್ರಲ್ಲ. ನೆದರ್ಲೆಂಡ್ಸ್‌ನಲ್ಲಿ ಎಲ್ಲ ಓಡಾಟದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೈಕಲ್ ಮೇಲೆ ಆಗೋದು, ಹೆಚ್ಚಿನದ್ದು ಇಂಥ ಮೂರು ಮೈಲಿ ಒಳಗಿನದ್ದೇ. ಅವರ ಹತ್ತಿರ ಕಾರಿಲ್ಲ ಅಂತಲ್ಲ. ಮನೆ ಮುಂದೆ ಕಾರಿದೆ, ಆದ್ರೂ ಮಕ್ಕಳನ್ನ ಸ್ಕೂಲಿಗೆ ಬಿಡೋದು ಸೈಕಲ್ ಮೇಲೆ.

ದೊಡ್ಡಗಾಡಿ

ಮೇಡಂ, ಅವರಿಗೆ ಸೈಕಲ್ ದಾರಿ ಇದೆ. ನಮ್ಮ ಮೂರು ಮೈಲಿ ನಡುವೆ ಆರು ಲೇನ್ ಹೈವೇ ಇದೆ. ದಾಟಿ ಬದುಕಿದ್ರೆ ಹೇಳ್ತೀನಿ.

ನಿಧಾನಸ್ಥೆ

ದಾಟೋಕೆ ಭಯ ಆಗೋದಕ್ಕೆ ನಿಮ್ಮಂಥವರ ಗಾಡಿಯ ಎತ್ತರವೂ ಕಾರಣ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಹೇಳಿದ್ದು: ಬಾನೆಟ್ಟಿನ ಮುಂಭಾಗ 40 ಇಂಚಿಗಿಂತ ಎತ್ತರ ಇದ್ರೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರಿಗಿಂತ, ಗುದ್ದಿಸಿಕೊಂಡ ಪಾದಚಾರಿ ಸಾಯೋ ಸಾಧ್ಯತೆ ಸುಮಾರು 45 ಪರ್ಸೆಂಟ್ ಹೆಚ್ಚು. ನಿಮ್ಮ ಮಕ್ಕಳು ಒಳಗೆ ಸುರಕ್ಷಿತ, ಹೊರಗಡೆ ನಡೆಯೋ ಮಕ್ಕಳು?

ದೊಡ್ಡಗಾಡಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದ್ರೆ ನಾನೊಬ್ಬ ಸಣ್ಣದು ಕೊಂಡ್ರೆ ಪಕ್ಕದವನ ಬಾನೆಟ್ ಇಳಿಯಲ್ಲ.

ಸಾಂಬಾ_ಸವಾರ

ಬ್ರೆಜಿಲ್‌ನಲ್ಲಿ ಕೆಲಸದ ಮೇಲೆ ಇದ್ದೆ. ಅಲ್ಲಿ ಬಂಕ್‌ಗೆ ಹೋದ ಪ್ರತಿಯೊಬ್ಬನೂ ಗಣಿತಜ್ಞ. 2003ರಿಂದ ಫ್ಲೆಕ್ಸ್ ಕಾರು ಬಂದ ಮೇಲೆ ಪೆಟ್ರೋಲೂ ಹಾಕಬಹುದು, ಕಬ್ಬಿನ ಎಥನಾಲೂ ಹಾಕಬಹುದು, ಎರಡನ್ನೂ ಬೆರೆಸಬಹುದು. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಜನರ ಲೆಕ್ಕ: ಎಥನಾಲ್ ಬೆಲೆ ಪೆಟ್ರೋಲ್‌ನ 70 ಪರ್ಸೆಂಟಿಗಿಂತ ಕಡಿಮೆ ಇದ್ರೆ ಅದನ್ನ ಹಾಕ್ಸು, ಇಲ್ಲಾಂದ್ರೆ ಪೆಟ್ರೋಲ್. ಗಾಡಿ ಗಾತ್ರದಲ್ಲೂ ತೆರಿಗೆಯದೇ ಕೈವಾಡ. 90ರ ದಶಕದಲ್ಲಿ 1,000 ಸಿಸಿ ಒಳಗಿನ ಕಾರಿಗೆ ತೆರಿಗೆ ಇಳಿಸಿದ್ದೇ ತಡ, ಎಲ್ಲ ಕಂಪನಿಯೂ 1.0 ಎಂಜಿನ್ ಕೂರಿಸಿದ್ವು, ಏದುಸಿರು ಬಿಡ್ತಾ ಗುಡ್ಡ ಹತ್ತೋ ಕಾರುಗಳು.

ಕಡತಪ್ರಿಯ

ಭಾರತದ್ದೂ ಸೇರಿಸಿ. 2006ರ ಬಜೆಟ್‌ನಲ್ಲಿ ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1,200 ಸಿಸಿ ಒಳಗೆ ಇದ್ರೆ ಸಣ್ಣ ಕಾರು, ಅಬಕಾರಿ ಸುಂಕ ಕಡಿಮೆ ಅಂತ ಮಾಡಿದ್ರು. ಡೀಸೆಲ್‌ಗೆ 1,500. ಮಾರುತಿ ಡಿಜೈರ್ 2012ರಲ್ಲಿ 3,995 ಮಿ.ಮೀ.ಗೆ ಕುಗ್ಗಿತು. ಹಿಂಭಾಗ ಕೊಡಲಿಯಲ್ಲಿ ಕಡಿದ ಹಾಗೆ ಕಾಣ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾದಾಗಲೂ ಗೆರೆ ಅದೇ: ಒಳಗಿದ್ರೆ 18, ಹೊರಗಿದ್ರೆ 40 ಪರ್ಸೆಂಟ್. ಈಗ 4 ಮೀಟರ್ ಒಳಗೇ ಎಸ್‌ಯುವಿ ವೇಷ. ಉದ್ದಕ್ಕೆ ಗೆರೆ ಎಳೆದ್ರೆ ಎತ್ತರಕ್ಕೆ ಬೆಳೀತವೆ.

ಹಸಿರುದೀಪ

ಯಾರೂ ಪೆಟ್ರೋಲ್ ನೀರಿನಷ್ಟು ಅಗ್ಗ ಇರೋ ದೇಶಗಳ ಬಗ್ಗೆ ಮಾತಾಡ್ತಿಲ್ಲ. ವೆನೆಜುವೆಲಾ, ಇರಾನ್?

ಡೀಸೆಲ್_ದಾಸ

ಅಗ್ಗ ಮಾಡೋದು ಸುಲಭ, ವಾಪಸ್ ಏರಿಸೋದೇ ಕಷ್ಟ. ವೆನೆಜುವೆಲಾದಲ್ಲಿ 1989ರ ಫೆಬ್ರುವರಿಯಲ್ಲಿ ಪೆಟ್ರೋಲ್, ಬಸ್ ದರ ಏರಿಸಿದಾಗ ರಾಜಧಾನಿಯೇ ಹೊತ್ತಿ ಉರಿಯಿತು, ನೂರಾರು ಜನ ಸತ್ರು. ಇರಾನಿನಲ್ಲಿ 2019ರ ನವೆಂಬರ್‌ನಲ್ಲಿ ರಾತ್ರೋರಾತ್ರಿ ಏರಿಸಿದಾಗಲೂ ಹಾಗೇ. ನೈಜೀರಿಯಾದಲ್ಲಿ 2023ರ ಮೇ 29ರಂದು ಹೊಸ ಅಧ್ಯಕ್ಷರು ಪ್ರಮಾಣವಚನದ ಭಾಷಣದಲ್ಲೇ ಸಬ್ಸಿಡಿ ಇನ್ನಿಲ್ಲ ಅಂದ್ರು. ಬೆಲೆ ಕೆಲವೇ ದಿನದಲ್ಲಿ ಎರಡು-ಮೂರು ಪಟ್ಟಾಯ್ತು. ಬಸ್ ದರ, ತರಕಾರಿ ದರ, ಮನೆಯ ಜನರೇಟರ್ ಖರ್ಚು ಎಲ್ಲ ಅದರ ಹಿಂದೆ ಏರಿದ್ವು. ಇಂಥ ಕಡೆ ಹೆಚ್ಚು ಸಬ್ಸಿಡಿ ತಿಂದಿದ್ದು ದೊಡ್ಡ ಕಾರಿನವರು, ಪೆಟ್ಟು ತಿಂದಿದ್ದು ಬಸ್ಸಿನವರು.

ದೊಡ್ಡಗಾಡಿ

ಸರಿ, ಮೈಲಿಗಲ್ಲು ಅವರನ್ನ ನೇರವಾಗಿ ಕೇಳ್ತೀನಿ. ಪಿಕಪ್ ಮಾರಲ್ಲ, ಟ್ರೇಲರ್ ಎಳೆಯೋಕೆ ಬೇಕು. ಇನ್ನೊಂದು ಗಾಡಿ, ಲೆಕ್ಕಾಚಾರಿಯವರ ಭಾವನದ್ದರ ಥರಾನೇ, ಮೂರು ಸಾಲಿನ ಎಸ್‌ಯುವಿ. ಅದರ ಬದಲು ಹೈಬ್ರಿಡ್ ವ್ಯಾನ್ ತಗೊಂಡ್ರೆ?

ಮೈಲಿಗಲ್ಲು

ಟೊಯೊಟಾ ಸಿಯೆನಾ 2021ರ ಮಾಡೆಲ್‌ನಿಂದ ಹೈಬ್ರಿಡ್‌ನಲ್ಲಿ ಮಾತ್ರ ಬರ್ತಿದೆ, ಗ್ಯಾಲನ್‌ಗೆ 36 ಮೈಲಿ ಅಂತ ಅಧಿಕೃತ ಅಂಕಿ. ಎಸ್‌ಯುವಿಯ ಮೂರನೇ ಸಾಲಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತೆ, ವ್ಯಾನಿನಲ್ಲಿ ದೊಡ್ಡವರೂ ಕೂರಬಹುದು. ಸಾಮಾನಿಗೂ ಜಾಗ. ನೆಲ ತಗ್ಗು, ಹಾಗಾಗಿ ವಯಸ್ಸಾದವರು ಹತ್ತೋದು ಸುಲಭ.

ದೊಡ್ಡಗಾಡಿ

ಮನೆಯಾಕೆ "ವ್ಯಾನ್ ಬೇಡ, ಅಜ್ಜಿ ಗಾಡಿ" ಅಂತಾಳೆ.

ಕಿವಿಹಕ್ಕಿ

ಕೊಡಿ ಇತ್ತ, ನಾನು ಮಾತಾಡ್ತೇನೆ ಅವಳ ಹತ್ರ 😂 ಎರಡೂ ಕೈಯಲ್ಲಿ ಮಗು, ಚೀಲ ಹಿಡ್ಕೊಂಡಾಗ ತಾನೇ ಜಾರಿ ತೆರೆಯೋ ಬಾಗಿಲಿನ ಸುಖ ಒಮ್ಮೆ ನೋಡ್ಲಿ, ಮತ್ತೆ ಎಸ್‌ಯುವಿ ಕೇಳುದಿಲ್ಲ.

ದೊಡ್ಡಗಾಡಿ

ನನ್ನ ಓಡಾಟ ಮುಕ್ಕಾಲು ಪಾಲು ಹೈವೇ. ಅಲ್ಲೂ ಹೈಬ್ರಿಡ್ ಲಾಭ ಇದೆಯಾ?

ಮೈಲಿಗಲ್ಲು

ಸಿಟಿಯಷ್ಟು ಇಲ್ಲ. ಬ್ರೇಕ್ ಹಿಡಿದಾಗ ಹೋಗೋ ಶಕ್ತಿಯನ್ನ ವಾಪಸ್ ಬ್ಯಾಟರಿಗೆ ತುಂಬೋದೇ ಅದರ ಮುಖ್ಯ ಲಾಭ, ಹೈವೇಯಲ್ಲಿ ಬ್ರೇಕ್ ಎಲ್ಲಿ? ಅಲ್ಲಿ ದುಡ್ಡು ತಿನ್ನೋದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ, ಅಂದ್ರೆ ವೇಗವನ್ನ ವೇಗದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತೆ. 75 ಮೈಲಿ ವೇಗದಿಂದ 65ಕ್ಕೆ ಇಳಿಸಿದ್ರೆ ಆ ತಡೆ ಕಾಲು ಭಾಗ ಕಡಿಮೆ. ಪಿಕಪ್‌ಗಂತೂ ಇದು ಇನ್ನೂ ಮುಖ್ಯ, ಅದರ ಮುಂಭಾಗ ಗೋಡೆ ಥರ. ಚಾವಣಿ ಮೇಲಿನ ಖಾಲಿ ಬಾಕ್ಸ್ ಇದ್ರೆ ಬಿಚ್ಚಿಡಿ.

ದೊಡ್ಡಗಾಡಿ

ಇಲ್ಲಿ ಆಸ್ಟಿನ್ ಪಕ್ಕದ 130ನೇ ಟೋಲ್ ರಸ್ತೆಯಲ್ಲಿ ಮಿತಿಯೇ 85 ಮೈಲಿ ಸಾರ್, ಇಡೀ ಅಮೆರಿಕದಲ್ಲೇ ಹೆಚ್ಚು. 65ರಲ್ಲಿ ಹೋದ್ರೆ ಹಿಂದಿನವನು ಹೆಡ್‌ಲೈಟ್ ಹೊಡೆದು ಹೊಡೆದು ಸಾಯಿಸ್ತಾನೆ.

ಗಾಲಿಬಸು

ಬಲಗಡೆ ನಿಧಾನದ ಲೇನ್ ಹಿಡ್ಕೊಂಡ್ ಹೋಗ್ರಿ. ಅಂವ ಪೆಟ್ರೋಲ್ ಸುಟ್ಕೊಂಡ್ ಮುಂದ ಹೋಗ್ಲಿ.

ದೊಡ್ಡಗಾಡಿ

ಬಾಕ್ಸ್ ಬಿಚ್ಚಿಡ್ತೀನಿ. ವೇಗದ ವಿಷಯ ನೋಡೋಣ.